ತುಂಡ ಕೈ ಕೊಟ್ಟಿದ್ದು ಯಾರಿಗೆ

ಹೊಲಿಗೆಯಕ್ಕನಿಗೆ ಒಂದು ನಾಯಿಯ ದೆಸೆಯಿಂದ ಹೊಟ್ಟೆಕಿಚ್ಚು ಹತ್ತಿತು ಎಂದರೆ ಆ ಬೀದಿಯಲ್ಲಿ ಯಾರೂ ನಂಬಲಿಕ್ಕಿಲ್ಲ. ಪಕ್ಕದ ಮನೆಗೆ ಹೊಸ ಫ್ರಿಜ್ ಬಂದಾಗ, ಬೀದಿಯ ತಿರುವಿನಲ್ಲಿ ಗಾಜಿನ ಬಾಗಿಲಿನ ಇನ್ನೊಂದು ಟೈಲರ್ ಅಂಗಡಿ ತೆರೆದಾಗ, ತನ್ನ ಓರಗೆಯವರೆಲ್ಲ ಮಕ್ಕಳನ್ನು ಕರೆದುಕೊಂಡು ಯೂನಿಫಾರ್ಮಿನ ಅಳತೆ ಕೊಡಲು ಬಂದಾಗ ಆಕೆ ತಲೆ ಎತ್ತಿ ನೋಡಿದವಳಲ್ಲ. ಅಂಥ ಗಟ್ಟಿ ಹೆಂಗಸು. ಆದರೆ ಒಂದು ಬೀದಿನಾಯಿ, ಅದೂ ಅರ್ಧ ಬಾಲದ್ದು, ಮುಂಗಾಲು ಎತ್ತಿ ಬೇರೊಬ್ಬರ ಅಂಗೈಯ ಮೇಲೆ ಇಟ್ಟದ್ದನ್ನು ಕಂಡ ದಿನ ಆಕೆಯ ಹೊಟ್ಟೆಗೆ ಬೆಂಕಿ ಬಿತ್ತು. ಆ ಬೇರೊಬ್ಬರು ತನ್ನ ಸ್ವಂತ ತಂಗಿ ಎನ್ನುವುದು ಇನ್ನೂ ಉರಿ.

ಮೊದಲು ಈ ಹೊಲಿಗೆಯಕ್ಕನ ಬಾಯಿಯ ವಿಚಾರ ಹೇಳಿಬಿಡಬೇಕು. ನಡೆದ ರಂಪಕ್ಕೆಲ್ಲ ಅದೇ ಮೂಲ.

ಮನೆಯ ಮುಂದಿನ ಕೋಣೆಯೇ ಆಕೆಯ ಅಂಗಡಿ. ಕಾಲಿನಲ್ಲಿ ತುಳಿಯುವ ಹಳೆಯ ಮಶಿನ್ ಒಂದು, ಮೋಟಾರಿನದು ಒಂದು, ಉದ್ದನೆಯ ಕತ್ತರಿಸುವ ಮೇಜು, ಗೋಡೆಗೆ ಆಳೆತ್ತರದ ಕನ್ನಡಿ, ಗಿರಾಕಿಗಳು ಹತ್ತಿ ನಿಲ್ಲಲು ಒಂದು ಗಿಡ್ಡ ಸ್ಟೂಲು. ಹೊಸ ಬಟ್ಟೆ ಹೊಲಿಯುವ ಗೋಜಿಗೆ ಆಕೆ ಹೋಗುವುದಿಲ್ಲ. ಬಿಗಿಯಾದದ್ದನ್ನು ಸಡಿಲ ಮಾಡುವುದು, ಸಡಿಲವಾದದ್ದನ್ನು ಬಿಗಿ ಮಾಡುವುದು, ಪ್ಯಾಂಟಿನ ಉದ್ದ ಇಳಿಸುವುದು, ಕೆಟ್ಟ ಜಿಪ್ ಬದಲಾಯಿಸುವುದು, ಇಷ್ಟೇ. ಈ ಕೆಲಸಕ್ಕೆ ಗುಂಡುಪಿನ್ನು ಜಾಸ್ತಿ ಬೇಕು. ಎರಡೂ ಕೈ ಬಟ್ಟೆಯ ಮೇಲಿರುವಾಗ ಪಿನ್ನು ಇಟ್ಟುಕೊಳ್ಳಲು ಬಾಯಿ ಬಿಟ್ಟರೆ ಬೇರೆ ಜಾಗವಿಲ್ಲ. ಬೆಳಗ್ಗೆ ಅಂಗಡಿ ತೆರೆದಾಗ ತುಟಿಗಳ ನಡುವೆ ಸೇರಿದ ಪಿನ್ನುಗಳು ಊಟದ ಹೊತ್ತಿಗೆ ಹೊರಬರುತ್ತಿದ್ದವು, ಊಟವಾದ ಮೇಲೆ ಮತ್ತೆ ಒಳಸೇರುತ್ತಿದ್ದವು.

ತುಟಿಯಲ್ಲಿ ಪಿನ್ನು ಕಚ್ಚಿಕೊಂಡವರು ಏನು ಮಾತಾಡಿಯಾರು? ತುಟಿಗೆ ತುಟಿ ತಾಗಿಸಿ ಆಡುವ ಮಾತೆಲ್ಲ ಅವರಿಗೆ ನಿಷಿದ್ಧ. ‘ಬನ್ನಿ’ ಎಂದರೆ ಪಿನ್ನು ಉದುರುತ್ತದೆ, ‘ಪರವಾಗಿಲ್ಲ’ ಎಂದರೆ ಉದುರುತ್ತದೆ. ತುಟಿ ಅಲುಗದಂತೆ ಹಲ್ಲಿನ ಸಂದಿಯಿಂದ ಹೊರಡುವ ಮಾತು ಯಾವುದು ಎಂದು ಹುಡುಕಿ ಹುಡುಕಿ ಆಕೆಯ ನಾಲಿಗೆ ಒಂದು ಮಾತನ್ನು ಹಿಡಿದುಕೊಂಡಿತ್ತು. ‘ಸಾಕು.’ ಕೈ ಇಷ್ಟು ಎತ್ತಿದರೆ ಸಾಕು, ತಿರುಗಿದ್ದು ಸಾಕು, ಉದ್ದ ಇಷ್ಟು ಸಾಕು. ಬರಬರುತ್ತಾ ಪಿನ್ನು ಇಲ್ಲದಾಗಲೂ ಅದೇ ಮಾತು. ಕಾಫಿ ಚೆನ್ನಾಗಿದ್ದರೂ ಸಾಕು, ಗಿರಾಕಿಗೆ ಬಟ್ಟೆ ಒಪ್ಪಿದಾಗ ಮನಸ್ಸು ತುಂಬಿದರೂ ಸಾಕು. ಆಕೆಯ ಬಾಯಲ್ಲಿ ಅದು ಹೊಗಳಿಕೆ. ಅದಕ್ಕಿಂತ ದೊಡ್ಡ ಹೊಗಳಿಕೆ ಆಕೆಯ ಬಳಿ ಇರಲಿಲ್ಲ.

ಅಪ್ಪ ಮೊದಲೇ ಹೋಗಿದ್ದ. ಅಮ್ಮ ಹೋದಾಗ ತಂಗಿ ಇನ್ನೂ ಅಂಗನವಾಡಿಯ ಕೂಸು, ಅಕ್ಕನಿಗೆ ಮೀಸೆ ಚಿಗುರುವ ಹುಡುಗರು ಅಣಕಿಸುವ ವಯಸ್ಸು. ಅಮ್ಮನ ಮಶಿನಿನ ಮುಂದೆ ಕುಳಿತವಳು ಕುಳಿತೇಬಿಟ್ಟಳು. ತಂಗಿಯನ್ನು ಸಾಕಿದ್ದು ಆಕೆಯೇ. ಸ್ನಾನದ ತೊಟ್ಟಿಗೆ ಇಳಿಸಿದರೆ ಮೇಲೆ ಬಾರದೆ ಹಟ ಮಾಡುತ್ತಿದ್ದ ಆ ಹುಡುಗಿಗೆ ‘ಮೀನು’ ಎಂದು ಹೆಸರಿಟ್ಟವಳೂ ಆಕೆಯೇ. ಆ ಮೀನು ಬೆಳೆದು, ಈಜಿನಲ್ಲಿ ಮೆಡಲು ಗೆದ್ದು, ಈಜು ಕಲಿಸುವ ಟೀಚರಾಗಿ, ದೂರದ ಊರಿನ ಪೂಲಿನಲ್ಲಿ ಕೆಲಸ ಸಿಕ್ಕಿದ ತಕ್ಷಣ ಪೆಟ್ಟಿಗೆ ಕಟ್ಟಿ ಹೊರಟೇಹೋಯಿತು. ಹತ್ತಿರದಲ್ಲೇ ಕೆಲಸ ಸಿಗುವುದಿತ್ತು, ಕಾಯಲಿಲ್ಲ. ಅಷ್ಟು ಅವಸರ ಏನಿತ್ತೋ ಎಂದು ಹೊಲಿಗೆಯಕ್ಕನಿಗೆ ಇವತ್ತಿಗೂ ಒಳಗೊಳಗೇ ಚುಚ್ಚುತ್ತಿತ್ತು, ಕೇಳಲಿಲ್ಲ.

ತಂಗಿ ಹೋದ ಮೇಲೆ ಬಂದದ್ದು ತುಂಡ. ಒಂದು ಬೆಳಗ್ಗೆ ಜಗಲಿಯ ಮೇಲಿಟ್ಟಿದ್ದ ಚಿಂದಿಬಟ್ಟೆಯ ಮೂಟೆಯೊಳಗೆ ಮಲಗಿತ್ತು, ಬಟ್ಟೆಯ ತುಂಡುಗಳ ನಡುವೆ ಇನ್ನೊಂದು ತುಂಡಿನ ಹಾಗೆ. ಬಾಲವನ್ನು ಯಾವ ಗಾಡಿಯ ಚಕ್ರ ತಿಂದಿತ್ತೋ. ಆಕೆ ಹಾಲು ಹಾಕಿದಳು. ಅದು ಹೋಗಲಿಲ್ಲ. ದಿನಾ ಎರಡು ಹೊತ್ತು ಅಲ್ಯೂಮಿನಿಯಂ ತಟ್ಟೆಯಲ್ಲಿ ಅನ್ನ ಕಲಸಿ ಹಾಕುವುದು, ಎದುರಿಗೆ ಕುಳಿತು ತಾನೂ ಉಣ್ಣುವುದು, ಅದು ತಟ್ಟೆ ನೆಕ್ಕಿ ಮುಗಿಸಿದಾಗ “ಸಾಕು” ಎಂದು ತಟ್ಟೆ ಎತ್ತಿಕೊಳ್ಳುವುದು. ಆ ಮಾತು ಕಿವಿಗೆ ಬಿದ್ದದ್ದೇ ತುಂಡ ತಿರುಗಿ ಮಶಿನಿನ ಕೆಳಗೆ ಹೋಗಿ ಮಲಗುತ್ತಿತ್ತು. ನಾಯಿ ಎಷ್ಟು ಹೇಳಿದ ಮಾತು ಕೇಳುತ್ತದೆ ಎಂದು ಆಕೆಗೆ ಹೆಮ್ಮೆ.

ಇಷ್ಟು ಸುಖವಾಗಿ ಸಾಗುತ್ತಿದ್ದ ಸಂಸಾರಕ್ಕೆ ತಂಗಿ ಬಂದಳು. ಊರಿನಲ್ಲಿ ಹೊಸ ಪೂಲು ತೆರೆದಿದ್ದರು, ಅಲ್ಲಿಗೆ ವರ್ಗವಾಗಿತ್ತು. ಊರಿನ ಇನ್ನೊಂದು ತುದಿಯಲ್ಲಿ, ಪೂಲಿನ ಪಕ್ಕದಲ್ಲೇ ಕ್ವಾರ್ಟರ್ಸು. ಅದಕ್ಕೆ ಸುಣ್ಣಬಣ್ಣ ಆಗುವವರೆಗೆ ಅಕ್ಕನ ಮನೆ. ಹೊಲಿಗೆಯಕ್ಕ ಒಳಗಿನ ಕೋಣೆ ಗುಡಿಸಿ, ಹಾಸಿಗೆ ಬಿಸಿಲಿಗೆ ಹಾಕಿ, ತಂಗಿ ಬಾಗಿಲಲ್ಲಿ ನಿಂತಾಗ ಬಾಯಲ್ಲಿ ಪಿನ್ನು ಇಟ್ಟುಕೊಂಡೇ ತಲೆಯಾಡಿಸಿದಳು. ತುಂಡ ಮಾತ್ರ ಮಶಿನಿನ ಕೆಳಗಿಂದ ಎದ್ದು ಬಂದು ತಂಗಿಯ ಕೈ ಮೂಸಿತು. ಪೂಲಿನ ಔಷಧಿಯ ವಾಸನೆ ಅದಕ್ಕೆ ಯಾಕೆ ಅಷ್ಟು ಹಿಡಿಸಿತೋ, ಬೆರಳು ಬೆರಳನ್ನೂ ನೆಕ್ಕಿತು. ಆವತ್ತೇ ಹೊಲಿಗೆಯಕ್ಕನಿಗೆ ಅದು ಸರಿಬರಲಿಲ್ಲ.

ಎರಡು ಮೂರು ದಿನ ಕಳೆದಿರಬೇಕು. ತಂಗಿ ಬೇಯಿಸಿದ ಮೊಟ್ಟೆಯನ್ನು ಅಂಗಿಯ ಗುಂಡಿಯಷ್ಟು ಚೂರು ಚೂರು ಮಾಡಿಕೊಂಡು ಅಂಗಡಿಯ ನೆಲದ ಮೇಲೆ ಕುಳಿತಳು. ಒಂದು ಚೂರನ್ನು ಮುಷ್ಟಿಯಲ್ಲಿ ಮುಚ್ಚಿ ತುಂಡನ ಮೂಗಿನ ಮುಂದೆ ಹಿಡಿದಳು. ತುಂಡ ಮೂಸಿತು, ನೆಕ್ಕಿತು, ಮೂತಿಯಿಂದ ತಿವಿಯಿತು. ತಂಗಿ ಮಾತೂ ಆಡಲಿಲ್ಲ, ಮುಷ್ಟಿಯನ್ನೂ ಬಿಡಲಿಲ್ಲ. ಕೊನೆಗೆ ನಾಯಿ ಬೇಸತ್ತು ಮುಂಗಾಲಿನಿಂದ ಮುಷ್ಟಿಯನ್ನು ಕೆರೆಯಿತು. ಕಾಲು ತಾಗಿದ ಗಳಿಗೆಯಲ್ಲೇ “ಭೇಷ್” ಎಂದು ಮುಷ್ಟಿ ಬಿಚ್ಚಿದಳು. ಮತ್ತೆ ಇನ್ನೊಂದು ಚೂರು, ಮತ್ತೆ ಮುಷ್ಟಿ, ಮತ್ತೆ ಭೇಷ್.

“ಇದೇನೇ ಇದು, ನಾಯಿಗೆ ಕಣ್ಣಾಮುಚ್ಚಾಲೆ ಆಡಿಸ್ತಿದ್ದೀಯ?” ಎಂದಳು ಹೊಲಿಗೆಯಕ್ಕ. ಅದಕ್ಕಾಗಿ ಪಿನ್ನು ಬಾಯಿಂದ ತೆಗೆಯಬೇಕಾಯಿತು.

“ಕೈ ಕೊಡೋದು ಕಲಿಸ್ತಿದ್ದೀನಿ ಅಕ್ಕ. ಪೂಲಲ್ಲಿ ಮಕ್ಕಳಿಗೂ ನಾನು ಹೀಗೇ ಮಾಡೋದು. ನೀರೊಳಗೆ ಮೂಗು ಮುಳುಗಿಸಿದ ತಕ್ಷಣ ಭೇಷ್ ಅನ್ಬೇಕು. ಆಮೇಲೆ ಹೇಳಿದ್ರೆ ಯಾವುದಕ್ಕೆ ಹೇಳಿದ್ದು ಅಂತ ಅವಕ್ಕೆ ಗೊತ್ತಾಗಲ್ಲ.”

“ತಪ್ಪು ಮಾಡಿದ್ರೆ?”

“ತಪ್ಪು ಮಾಡಿದ್ರೆ ಸುಮ್ನಿರೋದು. ಬೈಯೋದಿಲ್ಲ, ಹೊಡೆಯೋದಿಲ್ಲ. ಸರಿ ಮಾಡಿದಾಗ ಮಾತ್ರ ಬಿಡಬಾರದು, ಅಲ್ಲೇ ಹಿಡ್ಕೋಬೇಕು.”

“ಲಂಚ ಕೊಟ್ರೆ ಯಾರಾದ್ರೂ ಕೈ ಕೊಡ್ತಾರೆ ಬಿಡು,” ಎಂದು ಹೊಲಿಗೆಯಕ್ಕ ಪಿನ್ನು ಮತ್ತೆ ತುಟಿಗೇರಿಸಿದಳು.

ಆದರೆ ಆ ವಾರ ಮುಗಿಯುವುದರೊಳಗೆ ತಂಗಿ ಬರಿಯ ಅಂಗೈ ಚಾಚಿ “ಕೈ ಕೊಡು” ಎಂದರೆ ಸಾಕಿತ್ತು, ತುಂಡ ನೆಟ್ಟಗೆ ಕುಳಿತು, ದೊಡ್ಡ ಮನುಷ್ಯರ ಹಾಗೆ ಮುಂಗಾಲನ್ನು ಎತ್ತಿ ಇಟ್ಟುಬಿಡುತ್ತಿತ್ತು. ಮೊಟ್ಟೆ ಒಮ್ಮೊಮ್ಮೆ ಇರುತ್ತಿತ್ತು, ಒಮ್ಮೊಮ್ಮೆ ಇರುತ್ತಿರಲಿಲ್ಲ. ಭೇಷ್ ಮಾತ್ರ ಪ್ರತಿ ಸಲ ಇರುತ್ತಿತ್ತು. ಆ ಮಾತು ಕೇಳಿದರೆ ಅರ್ಧ ಬಾಲವೇ ಮುರಿದು ಬೀಳುವ ಹಾಗೆ ಅಲ್ಲಾಡುತ್ತಿತ್ತು. ಪ್ಯಾಂಟು ತಗೊಂಡು ಹೋಗಲು ಬಂದವರು ಪ್ಯಾಂಟು ಮರೆತು ನಾಯಿಯ ಕೈ ಕುಲುಕಿ ಹೋಗುತ್ತಿದ್ದರು. “ಟೀಚರೇ, ಇನ್ನೊಂದ್ಸಲ ಮಾಡಿಸಿ” ಎನ್ನುತ್ತಿದ್ದರು. ಅಂಗಡಿ ಯಾರದ್ದು, ನಾಯಿ ಯಾರದ್ದು, ಹೊಗಳಿಕೆ ಯಾರಿಗೆ. ಹೊಲಿಗೆಯಕ್ಕ ಮಶಿನಿನ ಪೆಡಲನ್ನು ನೆಲಕ್ಕೆ ಹೂತುಹೋಗುವಂತೆ ತುಳಿದಳು.

ಎದುರುಗಡೆಯ ಗುಂಡಿ, ದಾರ, ಜಿಪ್ಪಿನ ಅಂಗಡಿಯ ಮುದುಕನಿಗೆ ಬೀದಿಯಲ್ಲಿ ಗುಂಡಿಯಣ್ಣ ಎಂದು ಹೆಸರು. ವ್ಯಾಪಾರ ಕಡಿಮೆ, ಬಾಯಿ ಜಾಸ್ತಿ. ನೂಲಿನ ರೀಲು ಕೊಡಲು ಬಂದವನು ಆಟ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

“ಏನಮ್ಮಾ, ನಿನ್ನ ನಾಯಿ ಬಹಳ ಚಾಲಾಕು. ಒಂದೇ ಏಟಿಗೆ ತಂಗಿಗೂ ಕೈ ಕೊಡ್ತು, ನಿನಗೂ ಕೈ ಕೊಡ್ತು.”

ಬೀದಿಗೆಲ್ಲ ಆ ಮಾತು ಹಬ್ಬಿತು. ಹೊಲಿಗೆಯಕ್ಕ ಮೇಲೆ ನಕ್ಕಳು, ಒಳಗೆ ಮೈಯೆಲ್ಲ ಉರಿದುಹೋಯಿತು. ಹೊರಗೆ ಮಳೆ ಸುರಿಯುವಾಗ ಒಳಗೆ ಎಳೆದುಕೊಂಡು ಮೈ ಒರೆಸಿದ್ದು ಯಾರು? ವಾಂತಿ ಮಾಡಿಕೊಂಡಾಗ ನೆಲ ಸಾರಿಸಿದ್ದು ಯಾರು? ಅಷ್ಟು ವರ್ಷ ಸಾಕಿದವಳ ಮುಂದೆ ಒಂದು ದಿನ ಒಂದು ಕಾಲು ಎತ್ತಲಿಲ್ಲ ಈ ಹಾಳು ನಾಯಿ. ನೆನ್ನೆ ಮೊನ್ನೆ ಬಂದವಳು ಒಂದು ಮೊಟ್ಟೆ ಬೇಯಿಸಿದಳು, ಕಥೆ ಮುಗಿಯಿತು.

ಹೊಟ್ಟೆಕಿಚ್ಚು ಮನುಷ್ಯರಿಂದ ಎಂಥ ಎಂಥ ಸಣ್ಣ ಕೆಲಸ ಮಾಡಿಸುತ್ತದೆ ನೋಡಿ. ತಂಗಿ ಸಂಜೆ ಬರುವ ಹೊತ್ತಿಗೆ ತುಂಡನಿಗೆ ಹೊಟ್ಟೆ ಬಿರಿಯುವಷ್ಟು ಅನ್ನ ಹಾಕಿಬಿಟ್ಟಳು. ಹೊಟ್ಟೆ ತುಂಬಿದ ಮೇಲೆ ಯಾವ ಮೊಟ್ಟೆ, ಯಾವ ಕೈ, ನೋಡೋಣ ಎಂದು. ತಂಗಿ ಬಂದಳು, ಚಪ್ಪಲಿ ಬಿಟ್ಟಳು, ಅಂಗೈ ಚಾಚಿದಳು. ತುಂಡ ತುಂಬಿದ ಹೊಟ್ಟೆ ಹೊತ್ತುಕೊಂಡು, ತೇಗಿಕೊಂಡು ಎದ್ದು ಬಂದು ಕೈ ಕೊಟ್ಟಿತು. ಅನ್ನ ಹಾಕಿದವಳ ಕಡೆ ತಿರುಗಿಯೂ ನೋಡಲಿಲ್ಲ.

ಹೀಗಿರುವಾಗ ಕ್ವಾರ್ಟರ್ಸಿನ ಬಣ್ಣ ಒಣಗಿತು. ತಂಗಿ ಊಟದ ಮಧ್ಯೆ ಸುದ್ದಿ ಹೇಳಿದಳು. ಮುಂದಿನ ಭಾನುವಾರ ಹೋಗುವುದು. ಹೇಳುತ್ತಾ ಹೇಳುತ್ತಾ ಮೇಜಿನ ಕೆಳಗೆ ಕಾಲಿನಿಂದ ತುಂಡನ ಬೆನ್ನು ಸವರುತ್ತಿದ್ದಳು. ಮಶಿನಿನ ಬಳಿ ತಟ್ಟೆ ಹಿಡಿದು ನಿಂತೇ ಉಣ್ಣುತ್ತಿದ್ದ ಹೊಲಿಗೆಯಕ್ಕ ಅದನ್ನು ಕಂಡಳು, ಕಂಡದ್ದೇ ನಾಲಿಗೆ ಹಿಡಿತ ತಪ್ಪಿತು.

“ಅಷ್ಟೊಂದು ಪ್ರೀತಿ ಇದ್ರೆ ಇದನ್ನೂ ಕರ್ಕೊಂಡು ಹೋಗು. ಇದರ ಕಾಟ ನನಗೂ ಸಾಕಾಗಿದೆ.”

ಇಂಥ ಮಾತು ಆಡುವವರಿಗೆಲ್ಲ ಒಂದು ಲೆಕ್ಕಾಚಾರ ಇರುತ್ತದೆ. ಎದುರಿನವರು “ಅಯ್ಯೋ ಬೇಡಪ್ಪ, ಅದು ನಿನ್ನ ನಾಯಿ” ಎನ್ನಬೇಕು, ತಾವು “ಹೂಂ, ಮತ್ತೆ” ಎಂದು ಮುಖ ತಿರುಗಿಸಬೇಕು. ತಂಗಿ ಹಾಗೆ ಅನ್ನಲಿಲ್ಲ. ತುತ್ತು ಕೈಯಲ್ಲೇ ನಿಂತಿತು, ಮುಖ ಅರಳಿತು.

“ನಿಜವಾಗ್ಲೂ ಅಕ್ಕ? ನಾನೇ ಕೇಳೋಣ ಅಂತಿದ್ದೆ, ಧೈರ್ಯ ಸಾಲಲಿಲ್ಲ. ಅಲ್ಲಿ ಒಬ್ಬಳೇ ಇರ್ಬೇಕಲ್ಲ ಅಂತ ಯೋಚನೆ ಆಗಿತ್ತು.”

ಹೊಲಿಗೆಯಕ್ಕನ ಲೆಕ್ಕ ತಪ್ಪಿತು. ಆಡಿದ್ದನ್ನು ನುಂಗುವುದು ಆಕೆಯ ಜಾಯಮಾನದಲ್ಲೇ ಇಲ್ಲ. “ಹೇಳಿದ ಮೇಲೆ ಹೇಳಿದೆ,” ಎಂದು ಒಳಗೆ ಹೋಗಿ ಕೈ ತೊಳೆದಳು. ಕೈ ಎಷ್ಟು ಹೊತ್ತು ತೊಳೆದಳೆಂದರೆ ಕೊಡದಲ್ಲಿದ್ದ ನೀರು ಮುಗಿಯಿತು.

ಮರುದಿನದಿಂದ ಆಕೆಗೆ ಒಂದೇ ಚಿಂತೆ. ಭಾನುವಾರದೊಳಗೆ ತುಂಡ ತನಗೂ ಕೈ ಕೊಡಬೇಕು. ಕೊಟ್ಟುಬಿಟ್ಟರೆ, ತಂಗಿಯ ಎದುರಿಗೇ ಕೊಡಿಸಿ, “ನೋಡು, ಅದಕ್ಕೆ ನಾನೇ ಬೇಕಂತೆ, ನಾನೇನು ಮಾಡ್ಲಿ” ಎಂದು ಮಾತನ್ನು ಮರ್ಯಾದೆಯಾಗಿ ಹಿಂದಕ್ಕೆ ತಗೊಳ್ಳಬಹುದು. ಕೊಡದಿದ್ದರೆ ನಾಯಿ ಹೋದಂತೆಯೇ. ತಂಗಿ ಹೋದಾಗ ಮನೆ ಹೇಗಿತ್ತು ಎಂದು ಆಕೆಗೆ ಚೆನ್ನಾಗಿ ನೆನಪಿತ್ತು. ಮಶಿನ್ ನಿಲ್ಲಿಸಿದರೆ ಗಡಿಯಾರದ ಸದ್ದು ಬಿಟ್ಟು ಬೇರೆ ಸದ್ದಿರುತ್ತಿರಲಿಲ್ಲ.

ಮಧ್ಯಾಹ್ನ ತಂಗಿ ಪೂಲಿನಲ್ಲಿರುವಾಗ ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿ, ಗುಂಡಿಯಣ್ಣನ ಕಣ್ಣಿಗೆ ಬೀಳದಂತೆ ಪರದೆ ಎಳೆದು, ನೆಲದ ಮೇಲೆ ಕುಳಿತಳು. ಮೊಟ್ಟೆ ಬೇಯಿಸಿದ್ದಳು. ಚೂರುಗಳನ್ನು ತಂಗಿಗಿಂತ ಅಚ್ಚುಕಟ್ಟಾಗಿ ಕತ್ತರಿಸಿದ್ದಳು, ಕತ್ತರಿಸುವುದು ಯಾರಿಗೆ ಹೇಳಿಕೊಡಬೇಕು. ಕೆಲಸದ ನಡುವೆ ಎದ್ದು ಬಂದಿದ್ದರಿಂದ ಪಿನ್ನುಗಳು ತುಟಿಯಲ್ಲೇ ಇದ್ದವು. ಮುಷ್ಟಿ ಮುಂದೆ ಹಿಡಿದು ಕಾದಳು. ಬೈಯಲಿಲ್ಲ, ಅಲುಗಾಡಲಿಲ್ಲ. ತುಂಡ ಮೂಸಿತು, ಆಕೆಯ ಮುಖ ನೋಡಿತು, ಇನ್ನೊಮ್ಮೆ ಮೂಸಿತು. ಆಮೇಲೆ ಮೆಲ್ಲಗೆ ಮುಂಗಾಲು ಎತ್ತಿ ಮುಷ್ಟಿಯ ಮೇಲೆ ಇಟ್ಟಿತು.

ಆ ಕಾಲಿನ ಒರಟು ಬಿಸುಪು ಕೈಗೆ ತಾಗಿದ್ದೇ ಹೊಲಿಗೆಯಕ್ಕ ಮುಷ್ಟಿ ಬಿಚ್ಚಿದಳು. ಇಷ್ಟು ಸುಲಭವೇ. ಮನಸ್ಸು ತುಂಬಿ, ಹಲ್ಲಿನ ಸಂದಿಯಿಂದ, ತನಗೆ ಗೊತ್ತಿದ್ದ ಅತಿ ದೊಡ್ಡ ಹೊಗಳಿಕೆಯನ್ನು ಹೇಳಿದಳು.

“ಸಾಕು.”

ತುಂಡ ಕಾಲು ಕೆಳಗಿಟ್ಟಿತು. ಬಿಚ್ಚಿದ ಅಂಗೈಯಲ್ಲಿದ್ದ ಮೊಟ್ಟೆಯನ್ನು ನೋಡಿತು, ಮುಟ್ಟಲಿಲ್ಲ. ತಿರುಗಿ ಹೋಗಿ ಮಶಿನಿನ ಕೆಳಗೆ ಮಲಗಿಕೊಂಡಿತು.

ಆಕೆ ದಿಕ್ಕುತೋಚದೆ ಕುಳಿತಳು. ಮತ್ತೆ ಕರೆದಳು, ಬಂತು. ಮತ್ತೆ ಮುಷ್ಟಿ, ಮತ್ತೆ ಕಾಲು, ಮತ್ತೆ ಸಾಕು, ಮತ್ತೆ ಮಶಿನಿನ ಕೆಳಗೆ. ಮರುದಿನವೂ ಅದೇ. ಅದರ ಮರುದಿನ ಕಾಲು ಎತ್ತುವುದನ್ನೂ ನಿಲ್ಲಿಸಿತು. ಕೊನೆಕೊನೆಗೆ ಆಕೆ ಮೊಟ್ಟೆಯ ತಟ್ಟೆ ಹಿಡಿದು ಬರುವುದನ್ನು ಕಂಡರೇ ಸಾಕು, ತಲೆ ತಗ್ಗಿಸಿಕೊಂಡು ತಾನಾಗಿ ಹೋಗಿ ಮಲಗಿಬಿಡುತ್ತಿತ್ತು, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ.

ನನ್ನ ಕೈಯಿಂದ ತಿನ್ನಲೂ ಅಸಹ್ಯವಾಯಿತೇ ನಿನಗೆ ಎಂದು ಆಕೆ ನಾಯಿಯನ್ನು ಕೇಳಿದಳು. ಆಮೇಲೆ ಮಶಿನಿನ ಮೇಲೆ ತಲೆಯಿಟ್ಟು ಅತ್ತಳು. ಅಮ್ಮ ಸತ್ತಾಗಲೂ ಮಶಿನಿನ ಮುಂದೆ ಅತ್ತವಳಲ್ಲ. ತಂಗಿಯ ಮೇಲೆ ಎಂಥ ಸಿಟ್ಟು ಬಂತೆಂದರೆ, ಅವಳು ಈ ಊರಿಗೆ ಬರಲೇಬಾರದಿತ್ತು ಎಂದು ಬಾಯಿಬಿಟ್ಟು ಅಂದಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಶುಕ್ರವಾರ ಪೂಲಿನ ನೀರು ಶುದ್ಧ ಮಾಡುವ ಯಂತ್ರ ಕೆಟ್ಟಿತು. ಮಕ್ಕಳನ್ನೆಲ್ಲ ಮನೆಗೆ ಕಳಿಸಿ ತಂಗಿ ಮಧ್ಯಾಹ್ನವೇ ಬಂದಳು. ಅರ್ಧ ಮುಚ್ಚಿದ ಬಾಗಿಲು, ಎಳೆದ ಪರದೆ ಕಂಡು ಅಕ್ಕನಿಗೆ ಹುಷಾರಿಲ್ಲವೇನೋ ಎಂದು ಸದ್ದಿಲ್ಲದೆ ಒಳಗೆ ಇಣುಕಿದಳು. ಅಕ್ಕ ನೆಲದ ಮೇಲೆ ಕುಳಿತಿದ್ದಾಳೆ, ಬಾಯಲ್ಲಿ ಪಿನ್ನು, ಮುಂದೆ ಚಾಚಿದ ಮುಷ್ಟಿ. ತುಂಡ ಎಷ್ಟೋ ಹೊತ್ತು ಅನುಮಾನಿಸಿ, ಕೊನೆಗೆ ಒಂದೇ ಒಂದು ಸಲ ಕಾಲು ಎತ್ತಿತು.

“ಸಾಕು.”

ನಾಯಿ ಎದ್ದು ಹೋಯಿತು. ತಂಗಿಗೆ ನಗು ತಡೆಯಲಾಗಲಿಲ್ಲ. ಹೊಲಿಗೆಯಕ್ಕ ತಿರುಗಿ ನೋಡಿದಳು. ಕಳ್ಳತನ ಮಾಡಿ ಸಿಕ್ಕಿಬಿದ್ದಿದ್ದರೂ ಮುಖ ಅಷ್ಟು ಕೆಂಪಗಾಗುತ್ತಿರಲಿಲ್ಲ. ಪಿನ್ನುಗಳನ್ನು ಅಂಗೈಗೆ ಉಗುಳಿಕೊಂಡಳು.

“ನಗು, ನಗು. ಎಲ್ಲರೂ ನಗೋದೇ ಆಯ್ತು. ನಿನ್ನ ಹಾಗೇ ಮಾಡ್ತಿದ್ದೀನಿ, ಒಂದು ಚೂರೂ ಆಚೀಚೆ ಇಲ್ಲ. ಅದಕ್ಕೆ ನನ್ನ ಕಂಡ್ರೆ ಆಗಲ್ಲ ಅಷ್ಟೆ.”

“ಹಾಗಲ್ಲ ಅಕ್ಕ.” ತಂಗಿ ಪಕ್ಕದಲ್ಲಿ ಬಂದು ಕುಳಿತಳು. “ಎಲ್ಲ ಸರಿಯಾಗೇ ಮಾಡ್ತಿದ್ದೀಯ. ಕೊನೇಲಿ ಸಾಕು ಅಂತೀಯಲ್ಲ.”

“ಸಾಕು ಅಂದ್ರೆ ಚೆನ್ನಾಗಿದೆ ಅಂತ.”

“ಅದು ನಿನ್ನ ಬಾಯಲ್ಲಿ. ಅದರ ಕಿವೀಲಿ ಅಲ್ಲ. ದಿನಾ ಸಾಕು ಅಂದು ತಟ್ಟೆ ಎತ್ಕೋತೀಯ. ಸಾಕು ಅಂದ್ರೆ ಮುಗೀತು, ಹೋಗು ಅಂತ ನೀನೇ ಕಲಿಸಿರೋದು. ಎಷ್ಟು ಚೆನ್ನಾಗಿ ಕಲಿತಿದೆ ನೋಡು, ಮೊಟ್ಟೆ ಕೂಡ ಬಿಟ್ಟು ಹೋಗುತ್ತೆ.”

ತಂಗಿ ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ನೆಲದ ಮೇಲೆ ಬಿದ್ದಿದ್ದ ದಾರದ ಎಳೆಯೊಂದನ್ನು ಬೆರಳಿಗೆ ಸುತ್ತುತ್ತಾ ಮುಂದುವರಿಸಿದಳು.

“ನನಗೂ ಹಾಗೇ ಕೇಳಿಸ್ತಿತ್ತು.”

“ಏನು?”

“ಮೊದಲನೇ ಮೆಡಲು ಬಂದಾಗ ಸ್ಕೂಲಿಂದ ಓಡ್ಕೊಂಡು ಬಂದೆ. ನೀನು ಯಾರದೋ ಕೋಟು ಹಿಡ್ಕೊಂಡು ನಿಂತಿದ್ದೆ. ನೋಡಿ ಸಾಕು ಅಂದೆ. ಕೆಲಸ ಸಿಕ್ಕಿದ ಕಾಗದ ತೋರಿಸ್ದಾಗಲೂ ಸಾಕು ಅಂದೆ. ಸಾಕಿ ಸಾಕಿ ಇವಳಿಗೆ ಸಾಕಾಗಿದೆ, ಇನ್ನು ಹೊರೆ ಇಳಿಸೋಣ ಅಂತ ಹೊರಟೆ. ಆ ದೂರದ ಊರು ನನಗೇನು ಇಷ್ಟ ಇತ್ತು ಅಂದ್ಕೊಂಡ್ಯಾ?”

ಹೊಲಿಗೆಯಕ್ಕನಿಗೆ ಆ ಮಧ್ಯಾಹ್ನ ಚೆನ್ನಾಗಿ ನೆನಪಿತ್ತು. ಆ ಕೋಟಿನ ಬಣ್ಣವೂ ನೆನಪಿತ್ತು. ಒದ್ದೆ ಜಡೆಯ ಹುಡುಗಿ ಕೊರಳಲ್ಲಿ ಮೆಡಲು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದನ್ನು ಕಂಡು, ನನ್ನ ಜನ್ಮಕ್ಕೆ ಇಷ್ಟು ಸಾಕು, ಇನ್ನೇನೂ ಬೇಡ ಎಂದುಕೊಂಡಿದ್ದಳು. ಬಾಯಲ್ಲಿ ಪಿನ್ನು ಇತ್ತು, ಹೊರಗೆ ಬಂದದ್ದು ಒಂದೇ ಮಾತು. ಅದನ್ನು ಈಗ ಹೇಳಬಹುದಿತ್ತು. ಆದರೆ ಇಷ್ಟು ವರ್ಷದ ತಪ್ಪೆಲ್ಲ ತನ್ನ ತಲೆಗೇ ಬಂತಲ್ಲ ಎಂದು ಸಿಟ್ಟು ಬಂತು. ಅದೂ ನಾಯಿಯ ನೆಪದಲ್ಲಿ.

“ಹಾಗಾದ್ರೆ ಎಲ್ಲ ನಂದೇ ತಪ್ಪು. ನಾಯಿಗೂ ನಾನೇ ಕೆಟ್ಟವಳು, ನಿನಗೂ ನಾನೇ ಕೆಟ್ಟವಳು,” ಎಂದು ಎದ್ದಳು. ತಂಗಿ ಕರೆದರೂ ತಿರುಗಲಿಲ್ಲ. ಶನಿವಾರವಿಡೀ ಇಬ್ಬರ ನಡುವೆ ಉಪ್ಪು, ನೀರು, ಬೀಗದ ಕೈ ಬಿಟ್ಟರೆ ಬೇರೆ ಮಾತಿರಲಿಲ್ಲ. ತುಂಡ ಅಡುಗೆಮನೆಗೂ ಅಂಗಡಿಗೂ ನಡುವಿನ ಹೊಸ್ತಿಲ ಮೇಲೆ ಮಲಗಿ, ಯಾರ ಕಡೆ ಹೋಗುವುದೆಂದು ತಿಳಿಯದೆ ಇಬ್ಬರ ಮುಖವನ್ನೂ ನೋಡಿತು.

ಭಾನುವಾರ ಬೆಳಗ್ಗೆ ಸಾಮಾನು ಸಾಗಿಸುವ ಗಾಡಿ ಬಾಗಿಲಿಗೆ ಬಂತು. ಪೆಟ್ಟಿಗೆ ಏರಿತು, ಹಾಸಿಗೆ ಏರಿತು. ತುಂಡನ ಅಲ್ಯೂಮಿನಿಯಂ ತಟ್ಟೆಯನ್ನು ಹೊಲಿಗೆಯಕ್ಕ ತಾನೇ ತೊಳೆದು, ಹಳೆಯ ಬಟ್ಟೆಯಲ್ಲಿ ಸುತ್ತಿ, ಬಾಗಿಲ ಬಳಿ ಇಟ್ಟಳು. ಗುಂಡಿಯಣ್ಣ ತನ್ನ ಅಂಗಡಿಯ ಮೆಟ್ಟಿಲ ಮೇಲೆ ಕುರ್ಚಿ ಹಾಕಿಕೊಂಡಿದ್ದ. ಒಳ್ಳೆಯ ಜೋಕು ಏನಾದರೂ ಹೊಳೆದಿದ್ದರೂ ಆಕೆಯ ಮುಖ ನೋಡಿ ನುಂಗಿಕೊಂಡ.

“ಹೊಸ ಪ್ಯಾಂಟು ಉದ್ದ ಆಗಿದೆ ಅಂದಿದ್ದೆ. ಸ್ಟೂಲ್ ಮೇಲೆ ನಿಲ್ಲು,” ಎಂದಳು ಹೊಲಿಗೆಯಕ್ಕ. ತಂಗಿಯ ಪೂಲಿನ ಪ್ಯಾಂಟು, ನೀಲಿಯದು, ಹಿಮ್ಮಡಿಯ ಕೆಳಗೆ ನೆಲ ಗುಡಿಸುತ್ತಿತ್ತು.

ತಂಗಿ ಸ್ಟೂಲು ಹತ್ತಿದಳು. ಹೊಲಿಗೆಯಕ್ಕ ಪಿನ್ನುಗಳನ್ನು ತುಟಿಗಿಟ್ಟುಕೊಂಡು ಮಂಡಿಯೂರಿ ಅಂಚು ಮಡಿಸತೊಡಗಿದಳು. ಎಷ್ಟೋ ಯೂನಿಫಾರ್ಮುಗಳ ಅಂಚನ್ನು ಇದೇ ಸ್ಟೂಲಿನ ಮೇಲೆ, ಇದೇ ಕಾಲುಗಳ ಸುತ್ತ ಮಡಿಸಿದ್ದಳು. ಆಗ ಪ್ರತಿ ವರ್ಷ ಉದ್ದ ಬಿಚ್ಚುವುದಾಗಿತ್ತು. ತುಂಡ ಸ್ಟೂಲಿನ ಪಕ್ಕದಲ್ಲಿ ಬಂದು ಕುಳಿತಿತು.

“ಅಕ್ಕ,” ಎಂದಳು ತಂಗಿ ಕನ್ನಡಿಯೊಳಗಿನ ಅಕ್ಕನಿಗೆ. “ತುಂಡ ಇಲ್ಲೇ ಇರಲಿ.”

ಹೊಲಿಗೆಯಕ್ಕನ ಕೈ ನಿಂತಿತು.

“ನನಗೆ ನಾಯಿ ಹುಚ್ಚೇನೂ ಇಲ್ಲ. ಬಂದ ದಿನ ನೀನು ಅದರ ಎದುರಿಗೆ ಕೂತು ಊಟ ಮಾಡೋದು ನೋಡಿದೆ. ನನ್ನ ಜೊತೆ ಒಂದು ದಿನ ಹಾಗೆ ಕೂತಿಲ್ಲ, ಯಾವಾಗಲೂ ಮಶಿನ್ ಮುಂದೆ ನಿಂತ್ಕೊಂಡೇ ನಿನ್ನ ಊಟ. ಹೊಟ್ಟೆ ಉರೀತು. ಇದನ್ನ ಹೇಗಾದ್ರೂ ನನ್ನ ಕಡೆ ಎಳ್ಕೋಬೇಕು ಅನ್ನಿಸ್ತು. ಅದಕ್ಕೇ ಮೊಟ್ಟೆ ಬೇಯಿಸಿದ್ದು.” ತಂಗಿ ನಗಲು ನೋಡಿದಳು, ಆಗಲಿಲ್ಲ. “ಕರ್ಕೊಂಡು ಹೋಗು ಅಂದಾಗ ಕುಣಿದುಬಿಟ್ಟೆ. ನಾನು ಕೇಳದೇನೇ ನಿನಗೆ ಇಷ್ಟ ಇರೋದನ್ನ ನನಗೆ ಕೊಟ್ಟಿದ್ದು ಅದೇ ಮೊದಲು. ಅಷ್ಟೇ ನನಗೆ. ನಾಯಿ ನಿನ್ನದೇ.”

ಉರಿ ಎರಡೂ ಕಡೆ ಇತ್ತು. ತಂಗಿ ನಾಯಿಯನ್ನು ಕಂಡು ಉರಿದಳು, ಅಕ್ಕ ತಂಗಿಯನ್ನು ಕಂಡು ಉರಿದಳು, ನಡುವೆ ಮೊಟ್ಟೆ ತಿಂದದ್ದು ನಾಯಿ. ಹೊಲಿಗೆಯಕ್ಕನ ಗಂಟಲಿಗೆ ಒಂದು ಮಾತು ಬಂತು. ಹಲ್ಲಿನ ಸಂದಿಯಿಂದ ಸಲೀಸಾಗಿ ಹೊರಡುವ ಅದೇ ಹಳೆಯ ಮಾತು. ಇಷ್ಟು ಹೇಳಿದೆಯಲ್ಲ, ನನಗೆ ಸಾಕು ಎಂಬ ಅರ್ಥದಲ್ಲೇ ಬಂತು. ಬಾಯಿ ತೆರೆಯುವುದರಲ್ಲಿದ್ದಳು. ಕನ್ನಡಿಯೊಳಗೆ ತಂಗಿಯ ಮುಖ ಕಂಡಿತು. ಕಾಯುತ್ತಿರುವ ಮುಖ, ಒದ್ದೆ ಜಡೆಯ ಆ ಹುಡುಗಿಯದೇ ಮುಖ. ಪಕ್ಕದಲ್ಲಿ ತುಂಡನೂ ಹಾಗೇ ತಲೆ ಎತ್ತಿ ಕಾಯುತ್ತಿತ್ತು.

ಹೊಲಿಗೆಯಕ್ಕ ಪಿನ್ನುಗಳನ್ನು ಒಂದೊಂದಾಗಿ ತುಟಿಯಿಂದ ತೆಗೆದು ಸ್ಟೂಲಿನ ಅಂಚಿನಲ್ಲಿಟ್ಟಳು. ಒಂದು ಉರುಳಿ ಕೆಳಗೆ ಬಿತ್ತು, ಅದನ್ನು ಹುಡುಕಲಿಲ್ಲ.

“ಬೇಕು,” ಎಂದಳು. ಅಭ್ಯಾಸವಿಲ್ಲದ ಮಾತು, ತುಟಿ ಒಮ್ಮೆ ತಡವರಿಸಿತು. “ತುಂಡ ನನಗೆ ಬೇಕು, ಕೊಡಲ್ಲ. ನೀನೂ ಬೇಕು. ಕ್ವಾರ್ಟರ್ಸಲ್ಲೇ ಇರು, ಕೆಲಸಕ್ಕೆ ಅದೇ ಹತ್ತಿರ. ಊಟಕ್ಕೆ ಇಲ್ಲಿಗೆ ಬಾ. ಕೂತ್ಕೊಂಡು ಉಣ್ಣೋಣ.”

ತಂಗಿ ಕಣ್ಣು ತುಂಬಿಕೊಂಡು ಸ್ಟೂಲಿನ ಮೇಲೆ ನಿಂತೇ ಇದ್ದಳು, ಪಿನ್ನು ಹಾಕಿದ ಪ್ಯಾಂಟಿನಲ್ಲಿ ಇಳಿಯುವುದು ಹೇಗೆಂದು ತಿಳಿಯದವಳ ಹಾಗೆ. ಹೊಲಿಗೆಯಕ್ಕ ಎದ್ದು ಅಂಗೈ ಚಾಚಿದಳು.

“ಕೈ ಕೊಡು.”

ತಂಗಿ ಕೈ ಕೊಟ್ಟಳು. ಅದೇ ಗಳಿಗೆಯಲ್ಲಿ ತುಂಡ ನೆಟ್ಟಗೆ ಕುಳಿತು, ಮುಂಗಾಲನ್ನು ಎತ್ತಿ, ಆ ಎರಡು ಕೈಗಳ ಕೆಳಗೆ ಗಾಳಿಯಲ್ಲಿ ಹಿಡಿದುಕೊಂಡಿತು.

“ಭೇಷ್,” ಎಂದಳು ಹೊಲಿಗೆಯಕ್ಕ.

ಅರ್ಧ ಬಾಲ ಅಲ್ಲಾಡಿತು. ತಂಗಿ ಮೂಗೊರೆಸಿಕೊಂಡು ಕೇಳಿದಳು, “ಯಾರಿಗೆ ಹೇಳಿದ್ದು ಅಕ್ಕ?”

“ನಾಯಿಗಲ್ಲ,” ಎಂದಳು ಹೊಲಿಗೆಯಕ್ಕ. ತುಂಡ ಮಾತ್ರ ಅದು ತನಗೇ ಎಂದುಕೊಂಡು, ಕಾಲು ಇಳಿಸದೆ, ಮೊಟ್ಟೆ ಬರುವುದನ್ನೇ ಕಾಯುತ್ತಾ ಕುಳಿತಿತ್ತು.